ಕಾಫಿ ಕಣದಲ್ಲಿ ಕುಳಿತು ಎಣಿಸಿದ 420 ದಿನ

ಕೊನೆಗೂ ಸಿಕ್ಕಿತು. ಕ್ವೇಸಾರ್ ಎಂದರೆ ಬಹುದೂರದ ಗೆಲಾಕ್ಸಿಯೊಂದರ ಉಜ್ವಲ ನಡುಭಾಗ. ಕೆಲವು ಸಲ ನಡುವಿನ ಗೆಲಾಕ್ಸಿ ಮಸೂರದಂತೆ ಅದರ ಬೆಳಕನ್ನು ಬಾಗಿಸಿ ಒಂದನ್ನೇ ಎರಡು ಬಿಂಬವಾಗಿ ತೋರಿಸುತ್ತದೆ. ಬೆಳಕಿನ ದಾರಿಗಳು ಬೇರೆಯಾದ್ದರಿಂದ ಒಂದು ಬಿಂಬದ ಏರಿಳಿತ ಇನ್ನೊಂದರಲ್ಲಿ ತಡವಾಗಿ ಕಾಣುತ್ತದೆ. ಸಪ್ತರ್ಷಿ ಮಂಡಲದ ಅವಳಿ ಕ್ವೇಸಾರ್ ಕ್ಯೂ 0957+561ರಲ್ಲಿ ಎ ಬಿಂಬದ ಬೆಳಕಿನ ಏರಿಳಿತ ಬಿ ಬಿಂಬಕ್ಕೆ ಬರಲು ನನ್ನ ಲೆಕ್ಕದಲ್ಲಿ ಸುಮಾರು 420 ದಿನ, ಹದಿನೈದು ದಿನ ಆಚೀಚೆ. ವೃತ್ತಿಪರರ ಅಂಕಿ 417. ಸೋಮವಾರಪೇಟೆ ಕಡೆಯ ನಮ್ಮ ಕಾಫಿ ಕಣದಲ್ಲಿ ಹತ್ತಿಂಚಿನ ದೂರದರ್ಶಕ ಇಟ್ಟು ಅಳೆದದ್ದು. ‘ಕೊಡಗಿನ ಮಂಜಿನಲ್ಲಿ ಚಂದ್ರ ಕಂಡರೇ ಹೆಚ್ಚು’ ಎಂದಿದ್ದ ಗೆಳೆಯರು ಈಗ ನನ್ನ ಫೈಲು ಕೇಳುತ್ತಿದ್ದಾರೆ.

ಮೊದಲ ಎರಡು ವರ್ಷ ಪೂರಾ ದಂಡ. ಮಳೆಗಾಲದಲ್ಲಿ ಕನ್ನಡಿಗೆ ಬೂಷ್ಟು ಹಿಡಿಯಿತು. ಮರುಲೇಪಕ್ಕೆ ಹದಿನೆಂಟು ಸಾವಿರದ ಹತ್ತಿರ ಹೋಯಿತು, ಕೆಲಸ ಹಿಡಿದವರು ನಾಲ್ಕು ತಿಂಗಳು ಸತಾಯಿಸಿದರು. ಈಗ ಜೂನ್ ಬಂತೆಂದರೆ ಕನ್ನಡಿ ಬಲ್ಬ್ ಉರಿಯುವ ಪೆಟ್ಟಿಗೆಯೊಳಗೆ. ಮರುವರ್ಷ ಮಾರ್ಚ್‌ನಲ್ಲಿ ಸುತ್ತಲಿನ ತೋಟಗಳಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಓಡಿ, ವೋಲ್ಟೇಜ್ ಕುಸಿದು ಮೌಂಟ್ (ದೂರದರ್ಶಕವನ್ನು ಆಕಾಶದ ಜೊತೆ ತಿರುಗಿಸುವ ಪೀಠ) ದಾರಿ ತಪ್ಪಿತು. ಒಂದು ತಿಂಗಳ ಚಿತ್ರಗಳು ಹಾಳು. ಬ್ಯಾಟರಿ, ಕ್ಯಾಮೆರಾ ಎಲ್ಲ ಸೇರಿ ಮೂರೂವರೆ ಲಕ್ಷ ದಾಟಿದೆ. ಬಹುಪಾಲು ಕರಿಮೆಣಸಿನ ದುಡ್ಡು.

ನಮ್ಮ ಮಳೆಗಾಲವೇ ಅಡ್ಡಿ ಎಂದುಕೊಂಡಿದ್ದೆ. 417 ದಿನವೆಂದರೆ ಒಂದು ವರ್ಷದ ಮೇಲೆ 52 ದಿನ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಎ ಮಾಡಿದ್ದನ್ನು ಬಿ ಮರುವರ್ಷ ಫೆಬ್ರವರಿಯಿಂದ ಮೇ ನಡುವೆ ಮಾಡುತ್ತದೆ. ಎರಡೂ ಮುಂಗಾರಿಗೆ ಮೊದಲೇ! ಪುತ್ತರಿ ಹುಣ್ಣಿಮೆ ಕಳೆದು ಚಂದ್ರ ಕರಗಿದೊಡನೆ ಶುರು ಮಾಡುತ್ತೇನೆ. ಉತ್ತರದಲ್ಲಿ 47 ಡಿಗ್ರಿಗಿಂತ ಮೇಲೇರದ ಕಾಯ, ಅದಕ್ಕಾಗಿ ಎರಡು ಸಿಲ್ವರ್ ಓಕ್ ಸವರಿಸಿದೆ. ಬಿಂಬಗಳ ನಡುವೆ ಆರು ಆರ್ಕ್‌ಸೆಕೆಂಡ್ ಅಷ್ಟೇ (ಒಂದು ಡಿಗ್ರಿಯಲ್ಲಿ 3600 ಆರ್ಕ್‌ಸೆಕೆಂಡ್). ನಮ್ಮ ಗಾಳಿಯಲ್ಲಿ ಒಂದರ ಬೆಳಕು ಇನ್ನೊಂದಕ್ಕೆ ಸೋರುತ್ತದೆ. ಅದನ್ನು ಕಳೆಯುವ ನನ್ನ ಬಗೆಯನ್ನು ಇನ್ನೊಂದು ಸೀಸನ್ ಪರೀಕ್ಷಿಸದೆ ಹೇಳಲಾರೆ.

ನಡುವೆ ಐನ್‌ಸ್ಟೈನ್ ಶಿಲುಬೆಗೂ, ಅಂದರೆ ಹೀಗೆಯೇ ನಾಲ್ಕು ಬಿಂಬವಾಗಿ ಕಾಣುವ ಇನ್ನೊಂದು ಕ್ವೇಸಾರ್‌ಗೂ, ಕೈಹಾಕಿದೆ. ನಾಲ್ಕು ಬಿಂಬವೂ ಒಂದೇ ಮುದ್ದೆಯಾಗಿ ಕಂಡವು. ಬಿಟ್ಟೆ.

ಇನ್ನು ಹಬಲ್ ಸ್ಥಿರಾಂಕ, ಅಂದರೆ ವಿಶ್ವ ಹಿಗ್ಗುತ್ತಿರುವ ವೇಗದ ಅಳತೆ. ಬಿಂಬಗಳ ನಡುವಿನ ಕಾಲದಂತರದಿಂದ ಅದನ್ನು ತೆಗೆಯುವುದು 1964ರಲ್ಲೇ ನಾರ್ವೆಯ ಖಗೋಳ ವಿಜ್ಞಾನಿ ರೆಫ್ಸ್‌ಡಾಲ್ ತೋರಿಸಿದ ದಾರಿ. ವಿಶ್ವದ ಆದಿ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ 67ಕ್ಕೂ, ಹೋಲಿಕೌ ಎಂಬ ಸಂಶೋಧಕರ ತಂಡ ಇಂಥ ಆರು ಕ್ವೇಸಾರ್‌ಗಳಿಂದ ತೆಗೆದ 73ಕ್ಕೂ ಅಂತರ ಶೇ. 8–9. ನನ್ನ ಕಾಲದ ಅಳತೆಯ ತಪ್ಪು ಶೇ. 4ರೊಳಗೆ! ಆದರೂ ಯಾವುದು ಸರಿ ಎಂದು ತೀರ್ಪು ಕೊಡಲಾಗದು. ಮಸೂರವಾದ ಗೆಲಾಕ್ಸಿ ಒಂಟಿಯಲ್ಲ, ಗೆಲಾಕ್ಸಿಗಳ ಒಂದು ಗುಚ್ಛದೊಳಗಿದೆ. ಆ ಗುಚ್ಛದ ತೂಕ ಎಷ್ಟು ಹಿಡಿಯುತ್ತೀರೋ ಉತ್ತರ ಅತ್ತ ವಾಲುತ್ತದೆ. ಅದು ನನ್ನ ಕಣದಿಂದ ತೂಗುವ ತೂಕವಲ್ಲ.

ಈ ಜನವರಿ ನಡುವಿನಲ್ಲಿ ಎ ಕೊಂಚ ಮಂಕಾಗಿದೆ. ಮುಂದಿನ ವರ್ಷದ ಮಾರ್ಚ್ ಎರಡನೇ ವಾರ ಬಿ ಮಂಕಾಗಬೇಕು. ತೋಟಕ್ಕೆ ಹೂಮಳೆ ಬೇಕಾಗುವ ಹೊತ್ತೂ ಅದೇ.