ತಾರಸಿಯ ಮೇಲೆ ಬಂಗುಡೆಗೆ ಹೊಗೆ ಹಾಕಿದ್ದು

ಮೊದಲ ಸಲ ನಾನು ಹೊಗೆಗೆ ಇಟ್ಟ ಆರು ಬಂಗುಡೆಗಳಲ್ಲಿ ಎರಡು ಕೆಂಡದ ಮೇಲೆ ಕಳಚಿ ಬಿದ್ದವು, ಉಳಿದ ನಾಲ್ಕು ಬಾಯಿಗಿಡಲಾಗದಷ್ಟು ಕಹಿಯಾಗಿದ್ದವು. ಎರಡನೆಯ ಸಲವೂ ಕಹಿಯೇ ಬಂದಾಗ ಕಟ್ಟಿಗೆಯನ್ನು ದೂರಿದೆ. ತಪ್ಪು ಕಟ್ಟಿಗೆಯದಾಗಿರಲಿಲ್ಲ, ಉಪ್ಪುನೀರಿನಿಂದ ತೆಗೆದ ಮೀನನ್ನು ಒಣಗಿಸದೆ, ಹಸಿಹಸಿಯಾಗಿಯೇ ಹೊಗೆಗೆ ತೂಗುಹಾಕಿದ್ದು ನನ್ನ ತಪ್ಪು ಎಂಬುದು ಮೂರನೆಯ ಪ್ರಯತ್ನದಲ್ಲಿ ತಿಳಿಯಿತು.

ಮೀನನ್ನು ಶಿವಾಜಿನಗರದ ರಸೆಲ್ ಮಾರುಕಟ್ಟೆಯಿಂದ ಬೆಳಿಗ್ಗೆ ಬೇಗನೆ ಹೋಗಿ ತರುತ್ತೇನೆ, ಮನೆಯಿಂದಲೇ ಮಂಜುಗಡ್ಡೆ ತುಂಬಿದ ಡಬ್ಬವನ್ನು ಒಯ್ಯುತ್ತೇನೆ. ಇದು ಅತಿ ಮಡಿವಂತಿಕೆಯಲ್ಲ. ಬಂಗುಡೆಯಂಥ ಮೀನು ಬೆಚ್ಚಗಾದರೆ ಅದರ ಮಾಂಸದಲ್ಲಿ ಹಿಸ್ಟಮಿನ್ ಎಂಬ ವಸ್ತು ಹೆಚ್ಚುತ್ತದೆ, ಮೈಮೇಲೆ ಕೆಂಪು ದದ್ದು ಮತ್ತು ತಲೆನೋವು ತರುವ ಆ ವಸ್ತು ಒಮ್ಮೆ ಹುಟ್ಟಿದ ಮೇಲೆ ಎಷ್ಟು ಬೇಯಿಸಿದರೂ, ಎಷ್ಟು ಹೊಗೆ ಕೊಟ್ಟರೂ ಹೋಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಎರಡು ತಿಂಗಳು ನಾನು ಈ ಕೆಲಸಕ್ಕೆ ಕೈಹಾಕುವುದಿಲ್ಲ.

ಒಂದು ಕೆಜಿಗೆ ಆರು ಬರುವಂಥ ಬಂಗುಡೆಯ ಕಿವಿರು ಮತ್ತು ಕರುಳನ್ನು ತೆಗೆದು, ಬೆನ್ನುಮೂಳೆಗೆ ಅಂಟಿದ ಕಪ್ಪು ರಕ್ತವನ್ನು ಬೆರಳಿನಿಂದ ಕೆರೆದು ತೊಳೆಯುತ್ತೇನೆ. ಒಂದೂವರೆ ಲೀಟರ್ ನೀರಿಗೆ 120 ಗ್ರಾಂ ಉಪ್ಪು, 30 ಗ್ರಾಂ ಬೆಲ್ಲ ಹಾಕಿ ಕುದಿಸಿ, ಪೂರ್ತಿ ತಣಿದ ಮೇಲೆ ಮೀನನ್ನು ಅದರಲ್ಲಿ ಮುಳುಗಿಸಿ ಮೂರು ಗಂಟೆ ಫ್ರಿಜ್‌ನಲ್ಲಿಡುತ್ತೇನೆ. ಉಪ್ಪನ್ನು ತೂಗಿಯೇ ಹಾಕಬೇಕು, ಏಕೆಂದರೆ ಒಂದು ಲೋಟ ಕಲ್ಲುಪ್ಪಿಗೂ ಒಂದು ಲೋಟ ಪುಡಿಯುಪ್ಪಿಗೂ ತೂಕದಲ್ಲಿ ಬಹಳ ಅಂತರವಿದೆ. ಮೊಟ್ಟೆ ತೇಲುವಷ್ಟು ಉಪ್ಪು ಹಾಕೆಂದು ನನ್ನ ಅತ್ತೆ ಹೇಳಿದ್ದರು. ಹಳೆಯ ಮೊಟ್ಟೆ ಹೊಸದಕ್ಕಿಂತ ಮೊದಲೇ ತೇಲುತ್ತದೆ ಎಂದು ನಾನು ವಾದಿಸಿದ್ದಕ್ಕೆ, ಹಾಗಾದರೆ ಹೊಸ ಮೊಟ್ಟೆ ತಾ ಎಂದು ಮಾತು ಮುಗಿಸಿದರು.

ಇನ್ನು ಒಣಗಿಸುವುದು. ಉಪ್ಪುನೀರಿನಿಂದ ತೆಗೆದ ಮೀನನ್ನು ತಣ್ಣೀರಿನಲ್ಲಿ ಒಮ್ಮೆ ಅದ್ದಿ, ಬಟ್ಟೆಯಿಂದ ಒತ್ತಿ ಒರೆಸಿ, ಹೊಟ್ಟೆ ಮುಚ್ಚಿಕೊಳ್ಳದಂತೆ ಒಳಗೆ ಒಂದು ಕಡ್ಡಿಯನ್ನು ಅಡ್ಡ ಸಿಕ್ಕಿಸಿ, ಜಾಲರಿಯ ಮೇಲೆ ಒಂದಕ್ಕೊಂದು ತಾಗದಂತೆ ಇಟ್ಟು, ಏನನ್ನೂ ಮುಚ್ಚದೆ ರಾತ್ರಿಯಿಡೀ ಫ್ರಿಜ್‌ನಲ್ಲಿ ಬಿಡುತ್ತೇನೆ. ಬೆಳಗಾಗುವಷ್ಟರಲ್ಲಿ ಮೈಮೇಲೆ ತೆಳುವಾದ, ಹೊಳೆಯುವ, ಬೆರಳಿಟ್ಟರೆ ಸ್ವಲ್ಪವೇ ಅಂಟುವ ಪೊರೆಯೊಂದು ಕಟ್ಟಿರುತ್ತದೆ. ಉಪ್ಪಿನಿಂದ ಕರಗಿ ಮೇಲೆ ಬಂದ ಪ್ರೋಟೀನು ಒಣಗಿ ಆಗುವ ಪೊರೆಯಿದು. ಹೊಗೆ ಒಂದೇ ಸಮನಾಗಿ ಹಿಡಿದು ಜೇನಿನ ಬಣ್ಣ ಬರುವುದು ಇದರ ಮೇಲೆಯೇ. ಒದ್ದೆಯಾದ ಮೈಯಲ್ಲಿ ಹೊಗೆಯ ಮಸಿ ನೀರಿನೊಂದಿಗೆ ಬೆರೆತು ಗೆರೆಗೆರೆಯಾಗಿ ಇಳಿಯುತ್ತದೆ, ಕಹಿಯೂ ಅಲ್ಲಿಯೇ ನಿಲ್ಲುತ್ತದೆ. ಮಳೆಗಾಲದಲ್ಲಿ ಒಮ್ಮೆ ಫ್ಯಾನಿನ ಕೆಳಗೆ ಎರಡು ಗಂಟೆ ಇಟ್ಟು ನೋಡಿದ್ದೆ; ಆ ತೇವದ ಗಾಳಿಯಲ್ಲಿ ಪೊರೆ ಕಟ್ಟಲೇ ಇಲ್ಲ, ಮನೆ ತುಂಬ ವಾಸನೆ ಮಾತ್ರ ಉಳಿಯಿತು. ಫ್ರಿಜ್‌ನಲ್ಲಿ ಆ ರಾತ್ರಿ ಹಾಲು ಇಡಬಾರದೆಂಬುದು ಮನೆಯವರೊಂದಿಗೆ ಆಗಿರುವ ಒಪ್ಪಂದ.

ಹೊಗೆಗೂಡು ಎಂದರೆ ಹದಿನೈದು ಕೆಜಿಯ ಎರಡು ಎಣ್ಣೆ ಡಬ್ಬಗಳು, ಅಷ್ಟೆ. ಮೇಲಿನದರ ತಳ ಕತ್ತರಿಸಿ ಕೆಳಗಿನದರ ಮೇಲೆ ಕೂರಿಸಿದ್ದೇನೆ, ನಡುವೆ ತೊಟ್ಟಿಕ್ಕುವ ಜಿಡ್ಡು ಕೆಂಡಕ್ಕೆ ಬೀಳದಂತೆ ಒಂದು ಸ್ಟೀಲ್ ತಟ್ಟೆ. ಬಣ್ಣ, ಜಿಡ್ಡು ಸುಟ್ಟುಹೋಗಲೆಂದು ಮೊದಲು ಬರಿ ಡಬ್ಬಕ್ಕೆ ಒಂದು ಗಂಟೆ ಬೆಂಕಿ ಹಾಕಿದ್ದೆ. ಸತು ಲೇಪಿಸಿದ ತಗಡನ್ನು ಬಳಸಲೇಬಾರದು. ಕೆಳಗೆ ಇದ್ದಿಲಿನ ಕೆಂಡ, ಅದರ ಮೇಲೆ ಒಣಗಿದ ಮಾವಿನ ಅಥವಾ ಸೀಬೆ ಕಟ್ಟಿಗೆಯ ಚೂರು. ಬಡಗಿಯ ಅಂಗಡಿಯ ಹೊಟ್ಟಿನಲ್ಲಿ ಪ್ಲೈವುಡ್ಡಿನ ಅಂಟು ಸೇರಿರುವ ಕಾರಣ ಅದನ್ನು ತರುವುದಿಲ್ಲ. ಹೊಗೆ ತೆಳುವಾಗಿ ನೀಲಿಯಾಗಿದ್ದರೆ ಒಳ್ಳೆಯದು, ದಟ್ಟ ಬಿಳಿ ಹೊಗೆ ಬಂದರೆ ಮುಚ್ಚಳ ಸರಿಸಿ ಗಾಳಿ ಬಿಡಬೇಕು.

ಬಾಲಕ್ಕೆ ದಾರ ಕಟ್ಟಿ ತೂಗುಹಾಕಿದ ಮೀನಿಗೆ ಮೊದಲ ಮುಕ್ಕಾಲು ಗಂಟೆ ಕಡಿಮೆ ಶಾಖ. ಆಮೇಲೆ ಕೆಂಡ ಹೆಚ್ಚಿಸಿ, ತಲೆಯ ಹಿಂದಿನ ದಪ್ಪ ಭಾಗದೊಳಗೆ 65 ಡಿಗ್ರಿ ಸೆಲ್ಸಿಯಸ್ ತಲುಪಿದ ಮೇಲೆ ಅರ್ಧ ಗಂಟೆ ಅಲ್ಲಿಯೇ ನಿಲ್ಲಿಸುತ್ತೇನೆ. ಹೊಸ ಥರ್ಮಾಮೀಟರನ್ನು ಕುದಿಯುವ ನೀರಿಗೆ ಅದ್ದಿದಾಗ ಅದು 97 ತೋರಿಸಿತೆಂದು ಹಿಂದಿರುಗಿಸಲು ಹೊರಟಿದ್ದೆ. ಸಮುದ್ರಮಟ್ಟಕ್ಕಿಂತ 900 ಮೀಟರ್‌ಗೂ ಎತ್ತರದ ಬೆಂಗಳೂರಿನಲ್ಲಿ ನೀರು ಕುದಿಯುವುದೇ ಅಷ್ಟಕ್ಕೆ ಎಂಬುದು ದಾರಿಯಲ್ಲಿ ನೆನಪಾಯಿತು.

ಇದನ್ನು ಒಣಮೀನಿನಂತೆ ಡಬ್ಬದಲ್ಲಿಟ್ಟು ತಿಂಗಳುಗಟ್ಟಲೆ ಕಾಯಲಾಗದು. ಒಣಮೀನನ್ನು ಉಳಿಸುವುದು ಅದರ ಬಿರುಸಾದ ಉಪ್ಪು ಮತ್ತು ಒಣಗು. ಇಲ್ಲಿನ ಉಪ್ಪು ರುಚಿಗಷ್ಟೇ ಸಾಕಾಗುತ್ತದೆ, ಒಳಗೆ ತೇವವೂ ಉಳಿದಿರುತ್ತದೆ. ಪೂರ್ತಿ ತಣಿದ ಮೇಲೆ ಕಾಗದದಲ್ಲಿ ಸುತ್ತಿ ಫ್ರಿಜ್‌ನಲ್ಲಿಟ್ಟು ಮೂರು ದಿನದೊಳಗೆ ಮುಗಿಸುತ್ತೇವೆ. ಮುಳ್ಳು ಬಿಡಿಸಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಎರಡು ಚಮಚ ಹಸಿ ತೆಂಗಿನೆಣ್ಣೆಯೊಂದಿಗೆ ಕಿವುಚಿದರೆ ಗಂಜಿಗೆ ಬೇರೇನೂ ಬೇಡ. ತಾರಸಿಯಲ್ಲಿ ಬಟ್ಟೆ ಒಣಹಾಕುವ ಎದುರು ಮನೆಯವರಿಗೆ ಹಿಂದಿನ ದಿನವೇ ಹೇಳಿಬಿಡುತ್ತೇನೆ. ಒಂದು ಮೀನು ಅವರ ಪಾಲಿಗೆ ಹೋಗುವುದರಿಂದ ಈಗ ಅವರ ತಕರಾರಿಲ್ಲ.