ಕಣದಲ್ಲಿ ಕಾಫಿ, ಕಿವಿಯಲ್ಲಿ ಕಾದಂಬರಿ

ಕೊಯ್ಲು ಶುರುವಾಯಿತೆಂದರೆ ನಮ್ಮ ಕಡೆ ಪುಸ್ತಕ ಹಿಡಿಯುವ ಮಾತೇ ಇಲ್ಲ. ನವೆಂಬರ್‌ನಲ್ಲಿ ಅರೇಬಿಕಾ ಕಾಫಿ, ಅದು ಮುಗಿಯುತ್ತಿದ್ದಂತೆ ರೋಬಸ್ಟಾ, ಅದರ ಬೆನ್ನಿಗೇ ಕರಿಮೆಣಸು. ಹಗಲೆಲ್ಲ ತೋಟ, ಸಂಜೆಯಾದರೆ ತೂಕ, ಲೆಕ್ಕ, ಬಟವಾಡೆ. ರಾತ್ರಿ ಪುಸ್ತಕ ತೆರೆದರೆ ಎರಡನೇ ಪುಟಕ್ಕೇ ಕಣ್ಣು ಎಳೆಯುತ್ತದೆ. ಕೊಡಗಿನ ಸಿದ್ದಾಪುರದ ಹತ್ತಿರ ಸಣ್ಣದೊಂದು ತೋಟ ನೋಡಿಕೊಂಡಿರುವ ನನಗೆ ಈಗ ಸಾಹಿತ್ಯದ ಸಂಗ ಉಳಿದಿರುವುದು ಕಿವಿಯ ಮೂಲಕವೇ, ಅಂದರೆ ಕೇಳುಪುಸ್ತಕಗಳಿಂದ (ಆಡಿಯೋಬುಕ್). "ಅಷ್ಟು ಪುರುಸೊತ್ತು ಎಲ್ಲಿಂದ ಸಿಗ್ತದೆ ಅಕ್ಕಾ?" ಎಂದು ಕೇಳುವವರಿಗೆ ನಾನು ಹೇಳುವುದು ಒಂದೇ: ಕೈ ದುಡಿಯುತ್ತಾ ಮನಸ್ಸು ಖಾಲಿ ಇರುವ ಹೊತ್ತು ಯಾವುದು, ಅದನ್ನು ಹುಡುಕಿ.

ನನಗೆ ಅಂಥ ಹೊತ್ತು ಸಿಕ್ಕಿದ್ದು ಕಾಫಿ ಒಣಗಿಸುವ ಕಣದಲ್ಲಿ. ಹಣ್ಣನ್ನು ನಾಲ್ಕು ಬೆರಳಿಗಿಂತ ದಪ್ಪವಾಗದಂತೆ ಹರಡಬೇಕು, ಗಂಟೆಗೊಮ್ಮೆಯಾದರೂ ತಿರುವಿ ಹಾಕಬೇಕು, ಸಂಜೆ ರಾಶಿ ಮಾಡಿ ಮುಚ್ಚಬೇಕು. ಒಂದು ಸುತ್ತು ತಿರುವಿ ಮುಗಿಸುವಷ್ಟರಲ್ಲಿ ಕಾದಂಬರಿಯ ಒಂದು ಅಧ್ಯಾಯ ಸುಮಾರಾಗಿ ಮುಗಿದಿರುತ್ತದೆ. ಹಾಗಾಗಿ ದೊಡ್ಡ ಕಾದಂಬರಿಗಳನ್ನೆಲ್ಲ ನಾನು ಕಣಕ್ಕೆಂದೇ ಮೀಸಲಿಡುತ್ತೇನೆ. ಪಾತ್ರ ಹೆಚ್ಚಿರುವ, ಮೂರು ತಲೆಮಾರು ಹಬ್ಬುವ ಕಥೆ ಬೇಕಾದರೂ ಇರಲಿ, ಬಿಸಿಲಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಯುವಾಗ ಎಲ್ಲರೂ ನೆನಪಿನಲ್ಲಿ ಉಳಿಯುತ್ತಾರೆ. ಒಣಗಿತೇ ಎಂದು ನೋಡುವಾಗ ಮಾತ್ರ ಕಥೆ ನಿಲ್ಲಿಸುತ್ತೇನೆ. ಒಂದು ಹಿಡಿ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಆ ಸದ್ದು ಬಾರದ ಕಾಫಿಗೆ ಇನ್ನೂ ಬಿಸಿಲು ಬೇಕು.

ಚಿಗುರು ತೆಗೆಯುವ ಕೆಲಸಕ್ಕೆ ಪ್ರಬಂಧ, ಪ್ರವಾಸ ಕಥನ ಚೆನ್ನಾಗಿ ಹೊಂದುತ್ತವೆ. ಯಾವ ಕೊಂಬೆ ಉಳಿಸಬೇಕು, ಯಾವುದನ್ನು ಮುರಿಯಬೇಕು ಎಂದು ಗಿಡದ ಮುಂದೆ ನಿಂತು ಯೋಚಿಸಬೇಕಾಗುತ್ತದೆ, ನಡುವೆ ಎರಡು ವಾಕ್ಯ ತಪ್ಪಿದರೂ ಪ್ರಬಂಧದ ಎಳೆ ತಪ್ಪುವುದಿಲ್ಲ. ಅಡುಗೆಮನೆಗೆ ಸಣ್ಣಕತೆ. ಕಡುಬು ಬೇಯುವಷ್ಟು ಹೊತ್ತಿಗೆ ಒಂದು ಕತೆ ಮುಗಿಯುತ್ತದೆ. ಕಳೆ ಹೊಡೆಯುವ ಮೆಷಿನ್ ಓಡುವಾಗ ಏನೂ ಬೇಡ; ಅದರ ಗದ್ದಲ ಮೀರಿಸಲು ದನಿ ಏರಿಸುತ್ತಾ ಹೋದರೆ ಕಿವಿಗೇ ಕುತ್ತು.

ಇನ್ನು ಆನೆಯ ವಿಚಾರ. ನಮ್ಮ ಸುತ್ತಿನ ತೋಟಗಳಲ್ಲಿ ಆನೆ ಹಗಲಲ್ಲೂ ನಿಂತಿರುತ್ತದೆ. ಹಲಸು ಹಣ್ಣಾಗುವ ಕಾಲದಲ್ಲಂತೂ ಕೇಳುವುದೇ ಬೇಡ. ಕಾಫಿ ಗಿಡಗಳ ಮರೆಯಲ್ಲಿ ಅಷ್ಟು ದೊಡ್ಡ ಪ್ರಾಣಿ ಹತ್ತು ಹೆಜ್ಜೆ ದೂರದಲ್ಲಿದ್ದರೂ ಕಣ್ಣಿಗೆ ಕಾಣದೆ ಹೋಗಬಹುದು. ಮೊದಲು ಗೊತ್ತಾಗುವುದು ಕಿವಿಗೆ: ಕೊಂಬೆ ಮುರಿದ ಲಟಕ್, ಬೈನೆ ಮರ ಸೀಳಿದ ಸದ್ದು, ಹೊಟ್ಟೆಯ ಗುಡುಗುಡು. ಆದ್ದರಿಂದ ನನ್ನ ನಿಯಮ ಬಲು ಕಟ್ಟುನಿಟ್ಟು. ತೋಟದೊಳಗೆ ಒಂದೇ ಕಿವಿಗೆ ಇಯರ್‌ಫೋನ್, ಅದೂ ಸಣ್ಣ ದನಿಯಲ್ಲಿ. ಹೊರಗಿನ ಸದ್ದು ಅಡಗಿಸುವ ಬಗೆಯ ಇಯರ್‌ಬಡ್‌ಗಳನ್ನು ತೋಟಕ್ಕೆ ಒಯ್ಯುವುದೇ ಇಲ್ಲ. ಬೆಳಗಿನ ಮಂಜು ಕರಗುವ ಮೊದಲು, ಸಂಜೆ ಐದರ ನಂತರ, ಊರಿನ ವಾಟ್ಸಾಪ್ ಗುಂಪಿನಲ್ಲಿ "ಆನೆ ಇದೆ" ಎಂದು ಬಂದ ದಿನ, ಎರಡೂ ಕಿವಿ ತೋಟಕ್ಕೇ. ಕೆಲಸಗಾರರ ಲೈನ್ ಮನೆಯ ಹುಡುಗರಿಗೂ ಇದನ್ನೇ ಹೇಳಿದ್ದೇನೆ. ಕಾಡಂಚಿನಲ್ಲಿರುವ ಎಲ್ಲರಿಗೂ ಕೈಮುಗಿದು ಹೇಳುತ್ತೇನೆ: ಕಥೆ ನಾಳೆಯೂ ಕೇಳಬಹುದು.

ಮಳೆಗಾಲದ ತೊಂದರೆ ಬೇರೆ. ಜೂನ್ ಹಿಡಿದರೆ ಕರೆಂಟು ಹೋಗುತ್ತದೆ, ಟವರ್ ಸತ್ತು ನೆಟ್‌ವರ್ಕೂ ಹೋಗುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಮುಗಿದು ಮುಂಗಾರು ಹಿಡಿಯುವ ಮೊದಲೇ ಬೇಕಾದ ಪುಸ್ತಕಗಳನ್ನೆಲ್ಲ ಫೋನಿಗೆ ಇಳಿಸಿಕೊಳ್ಳುತ್ತೇನೆ. ಮನೆಯಲ್ಲಿ ಸಿಗ್ನಲ್ ಸಾಲದಿದ್ದರೆ ಮಡಿಕೇರಿಗೋ ವಿರಾಜಪೇಟೆಗೋ ಹೋದಾಗ ಆ ಕೆಲಸ. ಮಾತಿನ ದನಿಗೆ 64 ಕೆಬಿಪಿಎಸ್ ಗುಣಮಟ್ಟ ಧಾರಾಳವಾಗಿ ಸಾಕು. ಗಂಟೆಗೆ ಸುಮಾರು 29 ಎಂಬಿ ಹಿಡಿಯುತ್ತದೆ, 10 ಗಂಟೆಯ ಕಾದಂಬರಿ 300 ಎಂಬಿಯೊಳಗೆ ಕೂರುತ್ತದೆ. ಇಳಿಸಿಕೊಂಡ ಮೇಲೆ ಒಮ್ಮೆ ಡೇಟಾ ಬಂದ್ ಮಾಡಿ ಓಡಿಸಿ ನೋಡಿ. ಪವರ್ ಬ್ಯಾಂಕ್ ತುಂಬಿಸಿಡಿ.

ಕಾರಿನಲ್ಲಿ ಕೇಳಬಹುದೇ ಎಂದರೆ, ಮೈಸೂರು ಕಡೆಯ ನೇರ ರಸ್ತೆಯಲ್ಲಿ ಸರಿ. ಸಂಪಾಜೆ ಘಾಟಿಯಲ್ಲಿ ನಾನು ಆಫ್ ಮಾಡುತ್ತೇನೆ. ಮಂಜಿನೊಳಗೆ ತಿರುವಿನಲ್ಲಿ ಬರುವ ಲಾರಿಯ ಹಾರ್ನ್ ಕೇಳಬೇಕು.

ಪುಸ್ತಕ ಆರಿಸುವಾಗ ಹೆಸರಿಗಿಂತ ಓದುವವರ ದನಿಗೆ ಬೆಲೆ ಕೊಡಿ. ಮೈಲ್ಯಾಂಗ್‌ನಂಥ ಆ್ಯಪ್‌ಗಳಿಂದ ಕನ್ನಡದಲ್ಲಿ ಕೇಳುಪುಸ್ತಕ ಸಿಗುವುದು ಈಗ ಸುಲಭ, ಆದರೆ ಕೊಳ್ಳುವ ಮೊದಲು ಮಾದರಿ ತುಣುಕು ಇದ್ದರೆ ಕೇಳಿಯೇ ತೀರಬೇಕು. ಕಣ್ಣಿಗೆ ಪೊರೆ ಬಂದ ಮೇಲೆ ನಮ್ಮತ್ತೆ ನನ್ನ ಜೊತೆ ಕೇಳಲು ಶುರು ಮಾಡಿದರು. ಹಳ್ಳಿಯವರ ಮಾತನ್ನು ವಾರ್ತೆಯಂತೆ ಓದಿದರೆ ಅವರಿಗೆ ತಡೆಯುವುದಿಲ್ಲ. "ಬೇಡ ಮಗಳೇ, ಇವನಿಗೆ ಊರು ಗೊತ್ತಿಲ್ಲ" ಎಂದು ತೆಗೆಸಿಬಿಡುತ್ತಾರೆ. ಅವರ ತೀರ್ಮಾನವನ್ನು ನಾನು ನಂಬುತ್ತೇನೆ. ಗಮಕ ವಾಚನ ಕೇಳಿ ಬೆಳೆದ ಕಿವಿ ಅದು. ವೇಗ ಹೆಚ್ಚಿಸುವುದೂ ಅವರಿಗೆ ಸೇರದು. ನಾನು ಮಾತ್ರ ಮಾಹಿತಿಯ ಪುಸ್ತಕವಾದರೆ 1.25ಕ್ಕೆ ಇಡುತ್ತೇನೆ, ಕಥೆಯಾದರೆ ಓದಿದವರ ವೇಗವೇ ಸರಿ. ದನಿಯಲ್ಲಿ ಕೊಟ್ಟ ನಿಲುಗಡೆಯೂ ಕಥೆಯ ಭಾಗವೇ ತಾನೇ.

ರಾತ್ರಿ ಇಬ್ಬರೂ ಒಲೆಯ ಹತ್ತಿರ ಕೂತು ಸ್ಪೀಕರ್‌ನಲ್ಲಿ ಕೇಳುತ್ತೇವೆ. ನಿದ್ದೆಯ ಟೈಮರ್ 20 ನಿಮಿಷಕ್ಕೆ ಇಟ್ಟರೆ ಬೆಳಿಗ್ಗೆ ಎಲ್ಲಿ ನಿಂತಿತೆಂದು ತಡಕಾಡಬೇಕಿಲ್ಲ. ಹೆಂಚಿನ ಮೇಲೆ ಮಳೆ ಜೋರಾದರೆ ಸ್ಪೀಕರ್‌ನ ದನಿ ಕೇಳಿಸುವುದೇ ಇಲ್ಲ, ಆಗ ಒಂದು ಇಯರ್‌ಫೋನಿನ ಎರಡು ತುದಿ ಇಬ್ಬರಿಗೂ. ಅದಕ್ಕಾಗಿಯೇ ಹಳೆಯ ವೈರಿನ ಇಯರ್‌ಫೋನನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಚಾರ್ಜ್ ಮಾಡುವ ಗೋಜೂ ಇಲ್ಲ.