ಎಂಜಿಬಿಯ ಲಿವರ್ ಶಾಕ್, ಬೀಡಿನ ಮ್ಯಾನಿಫೋಲ್ಡ್ ಉಳಿಸಿಕೊಂಡೇ ಮಾಡಿದ ಅಪ್‌ಗ್ರೇಡ್

ಲಿವರ್ ಶಾಕ್ (ತೋಳು ಆಡಿಸಿ ಎಣ್ಣೆ ಒತ್ತುವ ಹಳೇ ಮಾದರಿಯ ಶಾಕ್ ಅಬ್ಸಾರ್ಬರ್) ಬಿಸಾಕಿ ಈಗಿನ ಕೊಳವೆಯಂಥ ಟೆಲಿಸ್ಕೋಪಿಕ್ ಹಾಕು, ಇಂಜಿನ್ನಿನ ಹೊಗೆ ಒಟ್ಟುಗೂಡಿಸುವ ಬೀಡಿನ ಮ್ಯಾನಿಫೋಲ್ಡ್ ತೆಗೆದು ತೆಳು ಪೈಪಿನ ಹೆಡರ್ ಹಾಕು, ಗಾಡಿಯನ್ನು ಒಂದಿಂಚು ಇಳಿಸು. ಬೆಂಗಳೂರಿನ ಹಳೇ ಕಾರಿನವರಲ್ಲಿ ಯಾರನ್ನು ಕೇಳಿದರೂ ಎಂಜಿಬಿಗೆ (ಬ್ರಿಟನ್ನಿನ ಹಳೇ ಸ್ಪೋರ್ಟ್ಸ್ ಕಾರು) ಇದೇ ಮಂತ್ರ. ಈ ಮೂರರಲ್ಲಿ ಒಂದನ್ನೂ ಮಾಡದೆ ನನ್ನ ಕ್ರೋಮ್ ಬಂಪರ್ ಗಾಡಿ ಈಗ ಹಂಪ್‌ಗೆ ತಾಗುವುದಿಲ್ಲ, ತಿರುವಿನಲ್ಲಿ ವಾಲುವುದಿಲ್ಲ. ಆಗೋದೇ ಇಲ್ಲ ಅಂದಿದ್ದವರೇ ನಂದಿ ಬೆಟ್ಟದ ರಸ್ತೆಯಲ್ಲಿ ಓಡಿಸಿ ನೋಡಿ, ಶಾಕ್ ಎಲ್ಲಿ ಮಾಡಿಸಿದ್ದು ಅಂತ ಕೇಳಿದರು.

ಕೆಲಸದ ಕ್ರಮ ಮುಖ್ಯ. ಮೊದಲು ಬುಷ್ (ಕೀಲುಗಳ ರಬ್ಬರ್), ಆಮೇಲೆ ಶಾಕ್, ಆಮೇಲೆ ಆಂಟಿ ರೋಲ್ ಬಾರ್ (ತಿರುವಿನಲ್ಲಿ ವಾಲದಂತೆ ತಡೆಯುವ ಕಂಬಿ), ಸ್ಪ್ರಿಂಗ್ ಕಡೆಗೆ. ಸವೆದ ಬುಷ್ ಮೇಲೆ ಏನು ಹಾಕಿದರೂ ದುಡ್ಡು ದಂಡ.

ಮುಂದಿನ ಕೆಳ ವಿಷ್‌ಬೋನಿನ (ಚಕ್ರ ಹಿಡಿಯುವ ತೋಳು) ಒಳಬದಿಗೆ ಎರಡು ಹೋಳಿನ ರಬ್ಬರ್ ಬದಲು ವಿ8 ಮಾಡೆಲ್‌ನ ಒಂದೇ ತುಂಡಿನ ಬಾಂಡೆಡ್ ಬುಷ್ ಹಾಕಿದೆ. ಅದೇ ಅಳತೆಗೆ ಇಲ್ಲೇ ಅಚ್ಚು ಹಾಕಿಸಿದ್ದು ಮಳೆಗಾಲ ದಾಟಲಿಲ್ಲ. ರಬ್ಬರು ಚೆನ್ನಾಗಿಯೇ ಇತ್ತು, ಒಳಗಿನ ಸ್ಲೀವಿಗೆ ಅಂಟಿರಲಿಲ್ಲ, ಅಷ್ಟೇ. ಪಾಲಿಯುರೆಥೇನ್ ನಮ್ಮ ಕೆಂಪು ಧೂಳಿಗೆ ಕಿರುಗುಟ್ಟುತ್ತದೆ, ಗುಂಡಿಯ ಪೆಟ್ಟನ್ನೆಲ್ಲ ಕ್ರಾಸ್‌ಮೆಂಬರಿಗೆ ದಾಟಿಸುತ್ತದೆ. ಕೊನೆಗೆ ತರಿಸಿದ್ದು ಹೊರಗಿಂದಲೇ. ಉದ್ದ ಬೋಲ್ಟು, ಎರಡು ಸಾಕೆಟ್, ಸೋಪಿನ ನೀರು ಇದ್ದರೆ ಮನೆಯಲ್ಲೇ ಎಳೆದು ಕೂರಿಸಬಹುದು. ಗ್ರೀಸ್ ಹಚ್ಚಬೇಡಿ, ರಬ್ಬರ್ ಊದಿಕೊಳ್ಳುತ್ತದೆ. ನಟ್ಟನ್ನು ಕೊನೆಯ ಬಿಗಿ ಮಾಡುವುದು ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತಾಗ ಮಾತ್ರ. ಜಾಕ್ ಮೇಲೆ ಕಾಲು ಜೋತಾಡುವಾಗ ಬಿಗಿದರೆ ಬುಷ್ ತಿರುಚಿಕೊಂಡೇ ಕೂರುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಬುಷ್ ಸರಿ ಇಲ್ಲ ಅನ್ನುವ ಅರ್ಧ ದೂರು ಇದರದ್ದೇ.

ಇನ್ನು ಶಾಕ್. ಮುಂದೆ ಲಿವರ್ ಶಾಕಿನ ತೋಳೇ ಮೇಲಿನ ವಿಷ್‌ಬೋನ್, ಹಾಗಾಗಿ ಬಿಸಾಕು ಅಂದಷ್ಟು ಸುಲಭಕ್ಕೆ ಬಿಸಾಕಲು ಆಗುವುದಿಲ್ಲ. ರಿಪೇರಿ ಅಂದರೆ ಎಲ್ಲರೂ ಸೀಲ್ ಬದಲಿಸಿ ಕೊಡುತ್ತಾರೆ, ತಿಂಗಳೊಳಗೆ ಮತ್ತೆ ಎಣ್ಣೆ ಒಸರುತ್ತದೆ. ಕಾರಣ ಸೀಲ್ ಅಲ್ಲ. ಶಾಫ್ಟ್ ತಿರುಗುವುದು ಅಲ್ಯೂಮಿನಿಯಂ ಬಾಡಿಯಲ್ಲಿ, ಆ ತೂತು ಸವೆದು ಅಂಡಾಕಾರ ಆಗಿರುತ್ತದೆ. ಡಯಲ್ ಗೇಜ್ ಇಟ್ಟು ನೋಡಿ, ಆಟ 0.1 ಮಿ.ಮೀ. ದಾಟಿದ್ದರೆ ಯಾವ ಸೀಲೂ ನಿಲ್ಲುವುದಿಲ್ಲ.

ನಾನು ಮಾಡಿಸಿದ್ದು ಹೀಗೆ. ತೋಳಿಗೂ ಶಾಫ್ಟಿಗೂ ಸೇರಿಸಿ ಪಂಚ್ ಗುರುತು ಹಾಕಿ, ಆಮೇಲೆ ಪ್ರೆಸ್‌ನಲ್ಲಿ ತೋಳು ಕಳಚಬೇಕು. ಗುರುತು ತಪ್ಪಿ ಕೂತರೆ ಎರಡು ತೋಳು ಒಂದೇ ನೇರಕ್ಕೆ ಬರುವುದಿಲ್ಲ, ಕಿಂಗ್‌ಪಿನ್ ಟ್ರನಿಯನ್ (ಚಕ್ರ ತಿರುಗುವ ಗೂಟದ ಮೇಲಿನ ಕೀಲು) ಜೋಡಿಸಲು ಆಗುವುದಿಲ್ಲ. ಶಾಫ್ಟಿಗೆ ಪೀಣ್ಯದಲ್ಲಿ ಹಾರ್ಡ್ ಕ್ರೋಮ್ ಕೊಡಿಸಿ ಗ್ರೈಂಡ್ ಮಾಡಿಸಿದೆ. ಬಾಡಿಯನ್ನು ಬೋರ್ ಮಾಡಿಸಿ ಗನ್‌ಮೆಟಲ್ ಬುಷ್ ಕೂರಿಸಿ ರೀಮರ್ ಹೊಡೆಸಿದೆ. ಹೊರಗಡೆಗೆ ನೈಟ್ರೈಲ್ ಲಿಪ್ ಸೀಲ್. ಒಂದು ಶಾಕಿಗೆ ಎಲ್ಲ ಸೇರಿ ನಾಲ್ಕೂವರೆ ಸಾವಿರದ ಆಸುಪಾಸು. ಹೊರಗಿಂದ ರೀಕಂಡೀಷನ್ ಮಾಡಿದ್ದು ತರಿಸಿದರೆ ಕಸ್ಟಮ್ಸ್ ಸೇರಿ ಇದರ ಮೂರರಷ್ಟು, ಅದರಲ್ಲೂ ಗನ್‌ಮೆಟಲ್ ಬುಷ್ ಇರುತ್ತದೆಂಬ ಖಾತ್ರಿ ಇಲ್ಲ.

ಎಣ್ಣೆಯ ಪ್ರಯೋಗ ಬಹಳ ನಡೆಯಿತು. 40ರ ಇಂಜಿನ್ ಆಯಿಲ್ ಬೆಳಿಗ್ಗೆ ಗಟ್ಟಿ, ಗಾಡಿ ಬಿಸಿಯಾದ ಮೇಲೆ ಸಡಿಲ. 90ರ ಗೇರ್ ಆಯಿಲ್ ಹಾಕಿದಾಗ ವಾಲ್ವ್ ಅದನ್ನು ಬೇಗ ಬಿಡಲೇ ಇಲ್ಲ. ಫ್ಲೈಓವರ್ ಜಾಯಿಂಟ್ ಒಂದೊಂದೂ ಸ್ಟೀರಿಂಗಿಗೆ ಸುತ್ತಿಗೆ ಹೊಡೆದ ಹಾಗೆ ಬಂತು. ನಿಂತಿದ್ದು ಬೈಕಿನ 20ರ ಫೋರ್ಕ್ ಆಯಿಲ್‌ಗೆ. ಗಾಳಿ ತೆಗೆಯದಿದ್ದರೆ ಯಾವ ಎಣ್ಣೆಯೂ ವ್ಯರ್ಥ. ಶಾಕನ್ನು ವೈಸ್‌ನಲ್ಲಿ ನೆಟ್ಟಗೆ ಹಿಡಿದು, ಪ್ಲಗ್ ತೆರೆದು, ತೋಳನ್ನು ಈ ತುದಿಯಿಂದ ಆ ತುದಿಗೆ ನಿಧಾನ ಆಡಿಸುತ್ತ ತುಂಬಬೇಕು. ಮಧ್ಯೆ ಎಲ್ಲೂ ಬಿಗಿ ತಪ್ಪಿ ಹಗುರ ಆಗಬಾರದು. ಕುತ್ತಿಗೆವರೆಗೆ ತುಂಬದೆ ಸ್ವಲ್ಪ ಜಾಗ ಬಿಡಿ, ಬಿಸಿಗೆ ಎಣ್ಣೆ ಹಿಗ್ಗುತ್ತದೆ. ವಾಲ್ವ್ ಸ್ಪ್ರಿಂಗಿನ ಕೆಳಗೆ ಒಂದು ವಾಷರ್ ಕೊಟ್ಟಿದ್ದೇನೆ, ಪೂರ್ತಿ ಗುಣ ಬಂದಿದ್ದು ಅದರಿಂದ. ಅದರ ದಪ್ಪ ಮಾತ್ರ ಇಲ್ಲಿ ಹೇಳುವುದಿಲ್ಲ. ನಿಮ್ಮ ಗಾಡಿಯ ತೂಕಕ್ಕೆ ನೀವೇ ಹುಡುಕಿಕೊಳ್ಳಬೇಕು.

ಆಂಟಿ ರೋಲ್ ಬಾರ್ ಮುಂದಿನದ್ದು ಮಾತ್ರ ಬದಲಿಸಿದೆ, 9/16 ಇಂಚಿನಿಂದ 5/8ಕ್ಕೆ. ನೋಡಲು ಏನೂ ಅನ್ನಿಸದ ವ್ಯತ್ಯಾಸ, ಆದರೆ ಬಾರಿನ ಬಿಗಿ ವ್ಯಾಸದ ನಾಲ್ಕನೇ ಘಾತಕ್ಕೆ ಏರುವುದರಿಂದ ಶೇ. 50ಕ್ಕೂ ಹೆಚ್ಚು ಬಿಗಿ ಸಿಗುತ್ತದೆ. 3/4 ಇಂಚು ಹಾಕಿದರೆ ಮೂರು ಪಟ್ಟು ದಾಟುತ್ತದೆ. ರೇಸ್ ಟ್ರ್ಯಾಕಿಗೆ ಸರಿ. ನಮ್ಮಲ್ಲಿ ಎಡಚಕ್ರ ಗುಂಡಿಗೆ ಇಳಿದರೆ ಬಲಚಕ್ರವೂ ಕುಣಿಯುತ್ತದೆ. ಬಾರಿನ ರಬ್ಬರ್, ಡ್ರಾಪ್ ಲಿಂಕ್ ಹೊಸದಿಲ್ಲದಿದ್ದರೆ ಈ ಲೆಕ್ಕವೆಲ್ಲ ಕಾಗದದ ಮೇಲಷ್ಟೇ.

ಹಿಂದಿನ ಲೀಫ್ ಸ್ಪ್ರಿಂಗ್ ಜಗ್ಗಿತ್ತು. ಲಾರಿ ಪ್ಲೇಟಿನ ಕೆಲಸದವರು ತಣ್ಣಗೆ ಸುತ್ತಿಗೆಯಲ್ಲಿ ಬಗ್ಗಿಸಿ ಕೊಟ್ಟಿದ್ದು ಒಂದೆರಡು ತಿಂಗಳಲ್ಲಿ ಮೊದಲಿನಷ್ಟೇ ಇಳಿಯಿತು. ಪ್ಲೇಟು ಬಿಚ್ಚಿಸಿ, 900 ಡಿಗ್ರಿ ಹತ್ತಿರ ಕಾಯಿಸಿ, ಬಾಗು ಕೊಟ್ಟು, ಎಣ್ಣೆಯಲ್ಲಿ ಅದ್ದಿ, 450ರಿಂದ 500 ಡಿಗ್ರಿಯಲ್ಲಿ ಟೆಂಪರ್ (ಮತ್ತೆ ಕಾಯಿಸಿ ಹದ) ಮಾಡಿಸಿದ ಮೇಲೆ ನಿಂತಿದೆ. ಬರೀ ಅದ್ದಿ ಟೆಂಪರ್ ಬಿಟ್ಟರೆ ಪ್ಲೇಟು ಗಾಜಿನಂತೆ ಒಡೆಯುತ್ತದೆ, ಅದನ್ನು ಎದುರು ನಿಂತೇ ಮಾಡಿಸಿ. ಯು ಬೋಲ್ಟಿನಡಿ ರಬ್ಬರ್ ಪ್ಯಾಡ್ ಇರುವುದರಿಂದ ಒಂದೇ ಸಲ ಜೋರಾಗಿ ಬಿಗಿಯಬೇಡಿ. ನೂರು ಕಿ.ಮೀ. ಓಡಿಸಿ ಮತ್ತೆ ನೋಡಿ.

ಈಗ ಸೈಲೆನ್ಸರ್. ಎಂಜಿಬಿಯ ಬಿ ಸೀರೀಸ್ ಇಂಜಿನ್ನಿನ ಹೆಡ್ಡಿನಲ್ಲಿ ಎಕ್ಸಾಸ್ಟ್ ಪೋರ್ಟ್ (ಹೊಗೆ ಹೊರಬರುವ ಬಾಯಿ) ಮೂರೇ, ನಡುವಿನದು 2 ಮತ್ತು 3ನೇ ಸಿಲಿಂಡರಿನ ಪಾಲುದಾರಿಕೆ. ಹೆಡರ್ ಏನೇ ಹಾಕಿದರೂ ಆ ಎರಡನ್ನು ಬೇರೆ ಮಾಡಲು ಆಗದು. ಬೀಡಿನ ಮ್ಯಾನಿಫೋಲ್ಡ್ ಈ ಇಂಜಿನ್ನಿಗೆ ಚೆನ್ನಾಗಿಯೇ ಇದೆ. ಹೆಡರಿನ ಇನ್ನೊಂದು ಕಾಟ ಫ್ಲ್ಯಾಂಜ್ ದಪ್ಪ. ಒಂದೇ ಸ್ಟಡ್ಡಿನ ಒಂದೇ ವಾಷರ್ ಇನ್ಲೆಟ್ಟನ್ನೂ ಎಕ್ಸಾಸ್ಟನ್ನೂ ಒತ್ತಿ ಹಿಡಿಯುತ್ತದೆ. ಹೆಡರ್ ಫ್ಲ್ಯಾಂಜ್ ಅರ್ಧ ಮಿ.ಮೀ. ಹೆಚ್ಚುಕಮ್ಮಿ ಇದ್ದರೂ ಒಂದು ಕಡೆ ಗಾಳಿ ಸೋರುತ್ತದೆ, ಐಡಲ್ ನಿಲ್ಲುವುದಿಲ್ಲ, ಜನ ಕಾರ್ಬ್ಯುರೇಟರನ್ನು ಬೈಯುತ್ತಾರೆ. ಜೊತೆಗೆ ತೆಳು ಪೈಪಿನ ಬಿಸಿ ನೇರ ಮೇಲಿನ ಎಸ್‌ಯು ಕಾರ್ಬ್ಯುರೇಟರಿನ ಬೌಲ್‌ಗೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಪೆಟ್ರೋಲ್ ಕುದಿಯುವುದಕ್ಕೆ ಅಷ್ಟು ಸಾಕು.

ಹಾಗಾಗಿ ಬದಲಾಗಿದ್ದು ಡೌನ್‌ಪೈಪಿನ (ಮ್ಯಾನಿಫೋಲ್ಡಿನಿಂದ ಕೆಳಗಿಳಿಯುವ ಪೈಪು) ನಂತರದ್ದು ಮಾತ್ರ. ಮೊದಲಿನ 1¾ ಇಂಚಿನ ಬದಲು 51 ಮಿ.ಮೀ., 1.5 ಮಿ.ಮೀ. ದಪ್ಪದ ಎಸ್‌ಎಸ್ 304 ಡೇರಿ ಪೈಪು. ಬೆಂಡ್‌ಗಳೂ ಡೇರಿಯವೇ, ಒಳಗೆ ಸುಕ್ಕಿಲ್ಲ. ಎಲ್ಲ ಆರ್ಗಾನ್ ವೆಲ್ಡಿಂಗ್. ಮುಂದಿನ ಬಾಕ್ಸ್ ಕಿತ್ತು, ಗಾಡಿಯ ಅತಿ ತಗ್ಗಿನ ಆ ಜಾಗದಲ್ಲಿ ಪೈಪಿಗೆ ಮರಳು ಗಿಡಿದು ತುಂಬಿ ಹೈಡ್ರಾಲಿಕ್ ಪ್ರೆಸ್‌ನಲ್ಲಿ 41 ಮಿ.ಮೀ. ಎತ್ತರಕ್ಕೆ ಚಪ್ಪಟೆ ಮಾಡಿಸಿದೆ. ಉಸಿರು ಕಟ್ಟುತ್ತದೆ ಅಂತ ಎಲ್ಲರೂ ಹೆದರಿಸಿದರು. ಲೆಕ್ಕ ಹಾಕಿ ನೋಡಿ: ಸುತ್ತಳತೆ ಅಷ್ಟೇ ಇರುವುದರಿಂದ ಒಳಜಾಗ ಕಮ್ಮಿಯಾಗುವುದು ಶೇ. 4–6 ಮಾತ್ರ, ಹಳೇ ಪೈಪಿಗಿಂತ ಇನ್ನೂ ದೊಡ್ಡದೇ. ಬಾಕ್ಸ್ ಹೋಗಿದ್ದು, ಚಪ್ಪಟೆ ಆಗಿದ್ದು ಸೇರಿ ಒಂದಿಂಚಿಗಿಂತ ಹೆಚ್ಚು ನೆಲದಿಂದ ಮೇಲೆ ಬಂತು. ನಿಯಮದ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ನಮ್ಮ ಬಡಾವಣೆಗಳಲ್ಲಿ ಹಾಕಿರುವುದು ಗೊತ್ತೇ ಇದೆಯಲ್ಲ, ಅಲ್ಲಿ ಆ ಇಂಚೇ ಗಾಡಿ ಉಳಿಸುವುದು.

ಎಸ್‌ಎಸ್ ಬಿಸಿಗೆ ಮೈಲ್ಡ್ ಸ್ಟೀಲ್‌ಗಿಂತ ಹೆಚ್ಚು ಹಿಗ್ಗುತ್ತದೆ, ಎರಡೂವರೆ ಮೀಟರ್ ಪೈಪು 12 ಮಿ.ಮೀ. ಹಿಂದಕ್ಕೆ ಸರಿಯುತ್ತದೆ. ಹ್ಯಾಂಗರುಗಳನ್ನು ಅಷ್ಟು ಮುಂದಕ್ಕೆ ಎಳೆದು ಕಟ್ಟಬೇಕು. ಗೇರ್‌ಬಾಕ್ಸಿಗೆ ಒಂದು ಬ್ರಾಕೆಟ್, ಉಳಿದದ್ದಕ್ಕೆ ಮಾರುತಿ 800ರ ಸೈಲೆನ್ಸರ್ ರಬ್ಬರ್. ಬಾಡಿಗೆ ಗಟ್ಟಿಯಾಗಿ ಬಿಗಿದರೆ ಇಂಜಿನ್ ಅಲುಗಿ ಡೌನ್‌ಪೈಪಿನ ಕುತ್ತಿಗೆಯೇ ಸೀಳುತ್ತದೆ. ಮ್ಯಾನಿಫೋಲ್ಡ್ ಸ್ಟಡ್ಡಿಗೆ ಹಿತ್ತಾಳೆ ನಟ್ಟು ಮಾತ್ರ.

ಹಿಂದಿನದು ಜಾಲರಿ ಕೊಳವೆಯ ನೇರ ಸೈಲೆನ್ಸರ್. ಬರೀ ಗ್ಲಾಸ್ ವೂಲ್ ತುಂಬಿದ್ದು ಹಾರಿಹೋಗಿ ಸದ್ದು ಏರಿತು. ಈಗ ಜಾಲರಿಗೆ ಮೊದಲು ಸ್ಟೀಲ್ ವೂಲ್ ಸುತ್ತಿ, ಮೇಲೆ ಗ್ಲಾಸ್ ಫೈಬರ್, ಲೀಟರಿಗೆ ಸುಮಾರು 120 ಗ್ರಾಂ. ಟಾಪ್ ಗೇರ್ 85 ಕಿ.ಮೀ. ಸುತ್ತ, ಅಂದರೆ 3000 ಆರ್‌ಪಿಎಂ ಹತ್ತಿರ, ಒಂದು ಗುಂಯ್‌ಗುಡುವಿಕೆ ಇತ್ತು. ಅದು 100 ಹರ್ಟ್ಸ್ ಸದ್ದು. ತುದಿ ಮುಚ್ಚಿದ ಒಂದು ಮೀಟರ್ ಅಡ್ಡಪೈಪು ಹಾಕಿ ನೋಡಿದೆ, ಪೂರ್ತಿ ನಿಂತಿತು. ಆದರೆ ಅದಕ್ಕೆ ಜಾಗ ಸಿಕ್ಕಿದ್ದು ತಗ್ಗಿನಲ್ಲೇ, ಮತ್ತೆ ಹಂಪ್ ಕಾಟ. ಕಿತ್ತು ಹಾಕಿ, ಕಾಲಡಿಯ ಫ್ಲೋರಿಗೆ ಬಿಟುಮೆನ್ ಶೀಟ್ ಅಂಟಿಸಿದೆ, ಮುಕ್ಕಾಲು ಪಾಲು ಕಮ್ಮಿಯಾಗಿದೆ.

ಪೈಪು ದೊಡ್ಡದಾದ ಮೇಲೆ ಎಸ್‌ಯು ನೀಡಲ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲಿನ ಪ್ರಮಾಣ ನಿರ್ಧರಿಸುವ ಸೂಜಿ) ನೋಡಲೇಬೇಕು. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಪುಸ್ತಕದ ನೀಡಲ್ ಇಲ್ಲಿ ಮೊದಲೇ ಸ್ವಲ್ಪ ರಿಚ್, ಅಂದರೆ ಪೆಟ್ರೋಲ್ ಹೆಚ್ಚು. ಹಾಗಾಗಿ ರಿಚ್ ನೀಡಲ್‌ಗೆ ಓಡಬೇಡಿ, ಪ್ಲಗ್ ಬಣ್ಣ ನೋಡಿ. ನಾಲ್ಕನೇ ಗೇರಿನಲ್ಲಿ 60ರಿಂದ 100ಕ್ಕೆ ಮುಂಚೆ ಹನ್ನೆರಡು ಸೆಕೆಂಡ್ ಹತ್ತಿರ ಆಗುತ್ತಿತ್ತು, ಈಗ ಹನ್ನೊಂದು.

ಖರ್ಚು: ಸೈಲೆನ್ಸರ್ ಇಪ್ಪತ್ತು ಸಾವಿರ ಚಿಲ್ಲರೆ, ಶಾಕ್ ನಾಲ್ಕೂ ಸೇರಿ ಹದಿನೆಂಟು, ಬುಷ್ ಮತ್ತು ಬಾರ್ ಕಸ್ಟಮ್ಸ್ ಸಮೇತ ಹದಿನೈದು, ಪ್ಲೇಟು ಏಳೆಂಟು. ಕೆಟ್ಟು ಹೋದ ಪ್ರಯೋಗಗಳಿಗೆ ಇನ್ನೊಂದು ಹದಿನೈದು ಸೇರಿಸಿಕೊಳ್ಳಿ. ಬಾಡಿಗೆ ಒಂದು ತೂತೂ ಕೊರೆದಿಲ್ಲ, ತೆಗೆದ ಭಾಗಗಳೆಲ್ಲ ಪೆಟ್ಟಿಗೆಯಲ್ಲಿವೆ. 50 ವರ್ಷ ದಾಟಿದ ಗಾಡಿಗೆ 2021ರ ವಿಂಟೇಜ್ ನೋಂದಣಿ ನಿಯಮ ಮೂಲ ರೂಪವನ್ನೇ ಕೇಳುತ್ತದೆ, ಅದಕ್ಕೆ ಇದು ಬೇಕು.

ಎಲ್ಲ ಮುಗಿದ ಮೇಲೆ ಅಲೈನ್‌ಮೆಂಟ್, ಟೋ ಇನ್ (ಮುಂದಿನ ಚಕ್ರಗಳ ಮುಂತುದಿ ಒಳಕ್ಕೆ ತಿರುಗಿರುವಷ್ಟು) 2 ಮಿ.ಮೀ. ಹತ್ತಿರ. ಒಂದು ಕಡೆಗೆ ಮೂರು ಗ್ರೀಸ್ ನಿಪ್ಪಲ್ ಇವೆ. ಈ ಧೂಳಿನಲ್ಲಿ ಸಾವಿರ ಕಿ.ಮೀ.ಗೊಮ್ಮೆ, ಚಕ್ರ ಎತ್ತಿ ಹಿಡಿದೇ ಗ್ರೀಸ್ ಹೊಡೆಯಿರಿ. ನೆಲದ ಮೇಲಿದ್ದಾಗ ಹೊಡೆದರೆ ಭಾರ ಬೀಳುವ ಮುಖಕ್ಕೆ ಗ್ರೀಸ್ ಹೋಗುವುದಿಲ್ಲ.